ಕಬ್ಬಿನ ಸಿಪ್ಪೆಯಿಂದ ಸಕ್ಕರೆ ಬರುತ್ತಿಲ್ಲವೇ? ಆಸಿಡ್ ಪ್ರೀಟ್ರೀಟ್‌ಮೆಂಟ್‌ನ ದೋಷ ಹುಡುಕುವ ಕ್ರಮ

ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆಯನ್ನು ತೆಳು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಬೇಯಿಸಬೇಕು. ಈ ಹಂತಕ್ಕೇ ಪ್ರೀಟ್ರೀಟ್‌ಮೆಂಟ್ ಅನ್ನುವುದು. ಎಂಜೈಮ್ ಹಾಕಿ ಗ್ಲೂಕೋಸ್ ತೆಗೆಯಬೇಕು. ಅದನ್ನು ಯೀಸ್ಟ್‌ಗೆ ಕೊಟ್ಟು ಎಥನಾಲ್ ಮಾಡಬೇಕು. ಎಂಎಸ್‌ಸಿ, ಬಿಟೆಕ್ ಪ್ರಾಜೆಕ್ಟ್‌ಗೆ ಇದನ್ನು ಆರಿಸಿಕೊಂಡವರು ಅರ್ಧ ದಾರಿಯಲ್ಲಿ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ಪ್ರೋಟೊಕಾಲ್‌ನಲ್ಲಿ ಇದ್ದ ಹಾಗೇ ಮಾಡಿದ್ದೀವಿ ಸರ್, ಸಕ್ಕರೆ ಬರ್ತಿಲ್ಲ. ಎಂಜೈಮ್ ಕೆಟ್ಟಿರಬೇಕು ಅಲ್ವಾ?"

ಎಂಜೈಮ್ ಕೆಟ್ಟಿರುವುದು ಅಪರೂಪ. ದೋಷ ಅದಕ್ಕಿಂತ ಎರಡು ಮೂರು ಹೆಜ್ಜೆ ಹಿಂದೆ, ಸಿಪ್ಪೆಯನ್ನು ತೂಗಿದ ಕಡೆಯೋ ಆಟೊಕ್ಲೇವ್ (ಹಬೆಯ ಒತ್ತಡದಲ್ಲಿ ಬೇಯಿಸುವ ಪಾತ್ರೆ) ಮುಚ್ಚಿದ ಕಡೆಯೋ ಆಗಿಹೋಗಿರುತ್ತದೆ. ಹಾಗಾಗಿ ದುಬಾರಿ ಎಂಜೈಮ್ ಇನ್ನಷ್ಟು ಸುರಿಯುವ ಮೊದಲು, ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಸ್ಯಾಂಪಲ್ ಕಳಿಸುವ ಮೊದಲು, ಮೂರು ಅಳತೆ ಕೈಯಲ್ಲಿರಲಿ. ಒಂದು, ಬೇಯಿಸುವ ಮುನ್ನ ಸಿಪ್ಪೆಯಲ್ಲಿ ಎಷ್ಟು ತೇವ ಇತ್ತು. ಎರಡು, ಬೇಯಿಸಿ ತಣಿದ ಮೇಲೆ ದ್ರವದ ಪಿಎಚ್ ಎಷ್ಟು. ಮೂರು, ಸೋಸಿ ತೊಳೆದ ಮೇಲೆ ಉಳಿದ ಚರಟದ ಒಣ ತೂಕ ಎಷ್ಟು. ಇದಕ್ಕೆ ಬೇಕಾಗುವುದು ಓವನ್, ಪಿಎಚ್ ಮೀಟರ್, ತಕ್ಕಡಿ, ಇಷ್ಟೇ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ದೋಷಗಳು ಈ ಮೂರರಲ್ಲೇ ಸಿಕ್ಕಿಬೀಳುತ್ತವೆ.

ಸರಿಯಾಗಿ ಆದಾಗ ಏನಾಗಬೇಕು

ಒಣ ಕಬ್ಬಿನ ಸಿಪ್ಪೆಯಲ್ಲಿ ಸೆಲ್ಯುಲೋಸ್ ಸುಮಾರು 35ರಿಂದ 45 ಶೇಕಡಾ, ಹೆಮಿಸೆಲ್ಯುಲೋಸ್ 20ರಿಂದ 30, ಲಿಗ್ನಿನ್ 18ರಿಂದ 25 ಇರುತ್ತದೆ. ತೆಳು ಆಸಿಡ್‌ನ ಕೆಲಸ ಹೆಮಿಸೆಲ್ಯುಲೋಸನ್ನು ಕರಗಿಸಿ ಕ್ಸೈಲೋಸ್ ಎಂಬ ಸಕ್ಕರೆಯ ರೂಪದಲ್ಲಿ ದ್ರವಕ್ಕೆ ಇಳಿಸುವುದು. ಸೆಲ್ಯುಲೋಸ್ ಚರಟದಲ್ಲೇ ಉಳಿಯಬೇಕು, ಎಂಜೈಮ್ ಆಮೇಲೆ ಗ್ಲೂಕೋಸ್ ತೆಗೆಯುವುದು ಅದರಿಂದಲೇ. ಎಳೆಗಳನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಕೂಡ ಬಹುಪಾಲು ಅಲ್ಲೇ ಉಳಿಯುತ್ತದೆ. ಆಸಿಡ್‌ನಿಂದ ಲಿಗ್ನಿನ್ ಹೋಗಲಿಲ್ಲ ಅಂತ ಬೇಸರ ಪಡುವವರಿದ್ದಾರೆ. ಅದು ಕ್ಷಾರದ ಕೆಲಸ, ಆಸಿಡ್‌ನದ್ದಲ್ಲ.

ಈ ಲೆಕ್ಕದಲ್ಲಿ 100 ಗ್ರಾಂ ಒಣ ಸಿಪ್ಪೆ ಹಾಕಿದರೆ 60ರಿಂದ 70 ಗ್ರಾಂ ಒಣ ಚರಟ ಉಳಿಯಬೇಕು. ಶೇಕಡಾ 1ರ ಆಸಿಡ್ ಹಾಕಿದ್ದರೆ ಕೊನೆಯ ಪಿಎಚ್ 1ರಿಂದ 1.5ರ ಒಳಗೆ ಇರಬೇಕು. ಬಣ್ಣ ಕಂದು, ವಾಸನೆ ಸ್ವಲ್ಪ ಹುಳಿ. ಸಿಪ್ಪೆಯ ಅಸಿಟೈಲ್ ಗುಂಪುಗಳು ಬಿಟ್ಟುಕೊಂಡು ಅಸಿಟಿಕ್ ಆಸಿಡ್ ಆಗುವುದರಿಂದ ಆ ವಿನೆಗರ್ ವಾಸನೆ ಸಹಜ.

ಚರಟ 80 ಗ್ರಾಂ ದಾಟಿದೆ: ಬೇಯಲೇ ಇಲ್ಲ

ಮೊದಲು ಪಿಎಚ್ ನೋಡಿ. 2 ದಾಟಿದ್ದರೆ ಆಸಿಡ್ ಅನ್ನು ಏನೋ ತಿಂದುಹಾಕಿದೆ. ಸಾಮಾನ್ಯವಾಗಿ ಅದು ಸಿಪ್ಪೆಯ ಜೊತೆ ಬಂದ ಮಣ್ಣು. ಯಂತ್ರದಿಂದ ಕಟಾವು ಮಾಡಿದ ಕಬ್ಬು, ಬಯಲಲ್ಲಿ ರಾಶಿ ಹಾಕಿದ ಸಿಪ್ಪೆ, ಇವುಗಳಲ್ಲಿ ಮಣ್ಣು ಜಾಸ್ತಿ. ಕಪ್ಪು ಎರೆ ನೆಲದ್ದಾದರೆ ಅದರಲ್ಲಿ ಸುಣ್ಣದ ಹರಳೂ ಇರುತ್ತದೆ. ಲೆಕ್ಕ ಹೀಗೆ: 100 ಗ್ರಾಂ ಸಿಪ್ಪೆಗೆ 1 ಲೀಟರ್ ಶೇಕಡಾ 1ರ ಆಸಿಡ್ ಹಾಕಿದರೆ ಒಳಗಿರುವ ಸಲ್ಫ್ಯೂರಿಕ್ ಆಸಿಡ್ 10 ಗ್ರಾಂ. ಸಿಪ್ಪೆಯ ಜೊತೆ 5 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಬಂದಿದ್ದರೆ ಅದೊಂದೇ 4.9 ಗ್ರಾಂ ಆಸಿಡ್ ತಿನ್ನುತ್ತದೆ. ಅರ್ಧ ಆಸಿಡ್ ಬೇಯುವ ಮೊದಲೇ ಖಾಲಿ!

ಪರೀಕ್ಷೆ ಸುಲಭ. ಒಂದು ಹಿಡಿ ಸಿಪ್ಪೆಯನ್ನು ಬಕೆಟ್ ನೀರಿನಲ್ಲಿ ಕಲಸಿ ಬಿಡಿ. ತಳದಲ್ಲಿ ಕೆಸರು ನಿಂತರೆ ಉತ್ತರ ಸಿಕ್ಕಿತು. ಇನ್ನೂ ಖಚಿತ ಬೇಕಾದರೆ 10 ಗ್ರಾಂ ಸಿಪ್ಪೆಯನ್ನು 100 ಮಿಲಿ ತಣ್ಣನೆಯ ಆಸಿಡ್‌ನಲ್ಲಿ ಒಂದು ಗಂಟೆ ಕಲಕಿ, ಮೊದಲಿನ ಮತ್ತು ಕೊನೆಯ ಪಿಎಚ್ ಹೋಲಿಸಿ. ಪರಿಹಾರ: ಸಿಪ್ಪೆಯನ್ನು ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಮತ್ತೆ ಬೇಯಿಸುವುದು. ಇಲ್ಲಿ ಆಸಿಡ್ ಜಾಸ್ತಿ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ಒಂದು ಚೀಲದಿಂದ ಇನ್ನೊಂದು ಚೀಲಕ್ಕೆ ಮಣ್ಣಿನ ಪ್ರಮಾಣ ಬದಲಾಗುತ್ತದೆ, ಫಲಿತಾಂಶವೂ ಅದರ ಹಿಂದೆ ಕುಣಿಯುತ್ತದೆ.

ಇನ್ನೊಂದು ಮಾತು. ಬೋರ್‌ವೆಲ್ ನೀರಿನ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ. ನೀರಿನ ಕ್ಷಾರೀಯತೆ ಲೀಟರಿಗೆ 500 ಮಿಲಿಗ್ರಾಂ ಇದ್ದರೂ ಅದು ತಿನ್ನುವುದು ಅರ್ಧ ಗ್ರಾಂ ಆಸಿಡ್. 10 ಗ್ರಾಂನಲ್ಲಿ ಅರ್ಧ ಗ್ರಾಂ ಹೋದರೆ ಪ್ರಯೋಗ ಕೆಡುವುದಿಲ್ಲ.

ಪಿಎಚ್ ಸರಿಯಿದ್ದು ಚರಟ ಮಾತ್ರ ಜಾಸ್ತಿ ಇದ್ದರೆ ಆಗ ಶಾಖದ ಕಡೆ ತಿರುಗಿ. ಆಟೊಕ್ಲೇವ್‌ನ ಮುಳ್ಳು ತೋರಿಸುವುದು ಒತ್ತಡವನ್ನು. ಒಳಗೆ ಬರೀ ಹಬೆ ಇದ್ದರೆ 15 ಪಿಎಸ್‌ಐಗೆ 121 ಡಿಗ್ರಿ. ಗಾಳಿ ಪೂರ್ತಿ ಹೊರಹೋಗುವ ಮೊದಲೇ ವಾಲ್ವ್ ಮುಚ್ಚಿ, ಅರ್ಧ ಗಾಳಿ ಒಳಗೇ ಉಳಿದರೆ ಅದೇ 15 ಪಿಎಸ್‌ಐನಲ್ಲಿ ಶಾಖ 112 ಡಿಗ್ರಿ ಅಷ್ಟೇ. ಬೆಂಗಳೂರಿನಂಥ ಎತ್ತರದ ಊರಲ್ಲಿ ಮತ್ತೊಂದು ಸಣ್ಣ ಕಳೆತ ಇದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವುದರಿಂದ ಹೊರಗಿನ ಗಾಳಿಯ ಒತ್ತಡವೇ ಕಡಿಮೆ. ಅಲ್ಲಿ ಮುಳ್ಳು 15 ತೋರಿಸಿದಾಗ ಶಾಖ 119ರ ಆಸುಪಾಸು. ಮಂಗಳೂರಿನ ಲ್ಯಾಬ್‌ನ ಅಂಕಿ ಬೆಂಗಳೂರಿನಲ್ಲಿ ಸರಿಯಾಗಿ ಬರದಿದ್ದರೆ ಇದನ್ನೂ ನೆನಪಿಡಿ.

ಒಂಬತ್ತು ಡಿಗ್ರಿಯಿಂದ ಏನಾಗುತ್ತದೆ ಅಂತ ಕೇಳಬಹುದು. ಎಷ್ಟು ಜೋರಾಗಿ ಬೇಯಿಸಿದೆವು ಅನ್ನುವುದನ್ನು ಒಂದೇ ಅಂಕಿಯಲ್ಲಿ ಹೇಳಲು 1987ರಲ್ಲಿ ಓವರೆಂಡ್ ಮತ್ತು ಶೋರ್ನೆ ಕೊಟ್ಟ ತೀವ್ರತೆಯ ಸೂತ್ರ ಇದಕ್ಕೆ ಉತ್ತರ ಕೊಡುತ್ತದೆ. ತಾಪಮಾನದಿಂದ 100 ಕಳೆಯಿರಿ, 14.75ರಿಂದ ಭಾಗಿಸಿ, ಅದರ ಎಕ್ಸ್‌ಪೊನೆನ್ಶಿಯಲ್ ತೆಗೆಯಿರಿ, ನಿಮಿಷಗಳಿಂದ ಗುಣಿಸಿ. ಬಂದ ಸಂಖ್ಯೆಯ ಲಾಗ್ ತೀವ್ರತೆ. ಆಸಿಡ್ ಹಾಕಿದಾಗ ಅದರಿಂದ ಪಿಎಚ್ ಕಳೆಯುತ್ತಾರೆ. 121 ಡಿಗ್ರಿಯಲ್ಲಿ 60 ನಿಮಿಷ ಬೇಯಿಸಿದರೆ 2.4 ಬರುತ್ತದೆ. ಪಿಎಚ್ 1 ಆದರೆ ಒಟ್ಟು 1.4. ಅದೇ ಪಿಎಚ್ ಮಣ್ಣಿನಿಂದಾಗಿ 2.2 ಆದರೆ ಒಟ್ಟು 0.2ಕ್ಕೆ ಕುಸಿಯುತ್ತದೆ. ಇಲ್ಲಿ ಪಿಎಚ್ ಎಷ್ಟು ದೊಡ್ಡ ಪಾತ್ರಧಾರಿ ಅನ್ನುವುದು ಕಾಣುತ್ತದೆ ಅಲ್ವಾ? ಶಾಖದ ವಿಷಯಕ್ಕೆ ಬಂದರೆ ಪ್ರತಿ 10 ಡಿಗ್ರಿಗೆ ತೀವ್ರತೆಯ ಮೂಲ ಸಂಖ್ಯೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ. 112 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿದ್ದು 121ರಲ್ಲಿ ಅರ್ಧ ಗಂಟೆ ಬೇಯಿಸಿದ್ದಕ್ಕೆ ಸಮ.

ಕೊನೆಗೆ ಫ್ಲಾಸ್ಕನ್ನೇ ಒಮ್ಮೆ ನೋಡಿ. ಸಿಪ್ಪೆ ಹಗುರ, ಒಳಗೆ ಗಾಳಿ ಹಿಡಿದಿಟ್ಟುಕೊಂಡು ಮೇಲೆ ತೇಲುತ್ತದೆ. ತಳದ ಸಿಪ್ಪೆ ಕಂದಾಗಿ, ಮೇಲಿನದು ಇನ್ನೂ ಹುಲ್ಲಿನ ಬಣ್ಣದಲ್ಲೇ ಇದ್ದರೆ ಆಸಿಡ್ ಮೇಲಕ್ಕೆ ತಲುಪಿಲ್ಲ. ರಾತ್ರಿಯಿಡೀ ಆಸಿಡ್‌ನಲ್ಲಿ ನೆನೆಸಿ, ಬೆಳಿಗ್ಗೆ ಬೇಯಿಸಿ. ದೊಡ್ಡ ಫ್ಲಾಸ್ಕ್‌ನ ನಡುವಿನ ಭಾಗ ಬಿಸಿಯಾಗಲು ಹೆಚ್ಚು ಹೊತ್ತು ಬೇಕು. ಅದರ ಬದಲು ಒಂದೇ ಅಳತೆಯ ಸಣ್ಣ ಫ್ಲಾಸ್ಕ್‌ಗಳು ಒಳ್ಳೆಯದು.

ಚರಟ 55 ಗ್ರಾಂಗಿಂತ ಕಡಿಮೆ: ಜಾಸ್ತಿ ಬೆಂದಿದೆಯೇ?

ಇಲ್ಲಿ ಮೊದಲು ಸುಳ್ಳು ಗಾಬರಿಯನ್ನು ಪಕ್ಕಕ್ಕಿಡಬೇಕು. ಕಾರ್ಖಾನೆಯ ಗಾಣದಿಂದ ಆಗತಾನೇ ಬಂದ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು 100 ಗ್ರಾಂ ತೂಗಿ ಹಾಕಿದರೆ ಒಣ ಪದಾರ್ಥ 50 ಗ್ರಾಂ ಮಾತ್ರ. ಬೆಂದ ಮೇಲೆ 33 ಗ್ರಾಂ ಉಳಿಯುತ್ತದೆ. ನೋಡಿದವರು ಅಯ್ಯೋ, ಎಲ್ಲಾ ಕರಗಿಹೋಯಿತು ಅಂದುಕೊಳ್ಳುತ್ತಾರೆ. ನಿಜಕ್ಕೂ 50ಕ್ಕೆ 33, ಅಂದರೆ ಶೇಕಡಾ 66. ಪ್ರೀಟ್ರೀಟ್‌ಮೆಂಟ್ ಚೆನ್ನಾಗಿಯೇ ಆಗಿದೆ! ತೇವಾಂಶವನ್ನು ತೂಗಿದ ದಿನವೇ ಅಳೆಯಿರಿ. ಮಳೆಗಾಲದಲ್ಲಿ ಒಣ ಸಿಪ್ಪೆಯೂ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ಬೇಸಿಗೆಯ ಅಂಕಿ ಆಗ ಉಪಯೋಗಕ್ಕೆ ಬರುವುದಿಲ್ಲ. ಎರಡನೆಯ ಸುಳ್ಳು ಗಾಬರಿ ಬಟ್ಟೆಯಲ್ಲಿ ಸೋಸಿದಾಗ ಬರುತ್ತದೆ. ನುಣ್ಣನೆಯ ಪುಡಿ ಬಟ್ಟೆಯ ಕಣ್ಣಿನಿಂದ ಜಾರಿಹೋಗುತ್ತದೆ. ಸೋಸಿದ ದ್ರವ ರಾತ್ರಿ ಇಟ್ಟಾಗ ತಳದಲ್ಲಿ ಗಸಿ ನಿಂತರೆ ನಿಮ್ಮ ಸೆಲ್ಯುಲೋಸ್ ಅಲ್ಲಿದೆ.

ಇವೆರಡೂ ಅಲ್ಲದಿದ್ದರೆ ಆಸಿಡ್ ಎಷ್ಟು ಬೆರೆಸಿದಿರಿ ಅಂತ ಬರೆದಿಟ್ಟ ಪುಸ್ತಕ ತೆರೆಯಿರಿ. ಸಾಂದ್ರ ಸಲ್ಫ್ಯೂರಿಕ್ ಆಸಿಡ್ ಶೇಕಡಾ 98, ಅದರ ಸಾಂದ್ರತೆ 1.84. ಲೀಟರಿಗೆ 10 ಗ್ರಾಂ ಬೇಕಾದರೆ 5.5 ಮಿಲಿ ಸಾಕು. 10 ಮಿಲಿ ಹಾಕಿದರೆ 18 ಗ್ರಾಂ ಹಾಕಿದಂತಾಯಿತು. ತೂಕದ ಶೇಕಡಾವೋ ಗಾತ್ರದ ಶೇಕಡಾವೋ ಅಂತ ಬರೆಯದ ಪ್ರೋಟೊಕಾಲ್‌ಗಳಿಂದ ಈ ಎಡವಟ್ಟು ಪದೇಪದೇ ಆಗುತ್ತದೆ. ಬೆರೆಸುವಾಗ ನೀರಿಗೆ ಆಸಿಡ್ ಹಾಕಿ, ನಿಧಾನವಾಗಿ. ಆಸಿಡ್‌ಗೆ ನೀರು ಯಾವತ್ತೂ ಬೇಡ. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನಿಜವಾಗಿ ಜಾಸ್ತಿ ಬೆಂದಿದ್ದರೆ ಮೂರು ಗುರುತು ಕಾಣುತ್ತವೆ. ದ್ರವ ಕಪ್ಪಗೆ ತಿರುಗಿರುತ್ತದೆ. ಸುಟ್ಟ ಸಕ್ಕರೆಯ ಜೊತೆ ಕಹಿ ಬಾದಾಮಿಯ ವಾಸನೆ ಬರುತ್ತದೆ. ಅದು ಕ್ಸೈಲೋಸ್ ಮುರಿದು ಹುಟ್ಟಿದ ಫರ್‌ಫ್ಯುರಲ್, ಬೇಕೆಂದು ಮೂಸಬೇಡಿ. ಮೂರನೆಯದು ಲೆಕ್ಕದ್ದು. ಸಿಪ್ಪೆಯಲ್ಲಿ 24 ಗ್ರಾಂ ಕ್ಸೈಲಾನ್ (ಹೆಮಿಸೆಲ್ಯುಲೋಸ್‌ನ ಮುಖ್ಯ ಭಾಗ) ಇದ್ದರೆ ಅದರಿಂದ ಹೆಚ್ಚೆಂದರೆ 27.3 ಗ್ರಾಂ ಕ್ಸೈಲೋಸ್ ಬರಬೇಕು, ಏಕೆಂದರೆ ಕ್ಸೈಲಾನ್ ಒಡೆಯುವಾಗ ನೀರು ಸೇರಿ ತೂಕ 1.136 ಪಟ್ಟು ಆಗುತ್ತದೆ. ದ್ರವದಲ್ಲಿ ಸಿಕ್ಕಿದ್ದು ಮತ್ತು ಚರಟದಲ್ಲಿ ಉಳಿದದ್ದು ಕೂಡಿಸಿದರೂ ಇದರ ಹತ್ತಿರ ಬರದಿದ್ದರೆ ಉಳಿದದ್ದು ಫರ್‌ಫ್ಯುರಲ್ ಆಗಿ ಹೋಗಿದೆ. ಫರ್‌ಫ್ಯುರಲ್ ಅಳೆದಾಗ ಕಡಿಮೆ ಸಿಕ್ಕಿತು ಅಂತ ಸಮಾಧಾನ ಬೇಡ. ಹಬೆ ಬಿಟ್ಟಾಗ ಅದು ಹಬೆಯ ಜೊತೆ ಹಾರಿಹೋಗುತ್ತದೆ.

ಆದರೆ ಆತುರ ಬೇಡ. ದ್ರವದಲ್ಲಿ ಕ್ಸೈಲೋಸ್ ಕಾಣದಿರಲು ಇನ್ನೊಂದು, ನಿರಪಾಯಕಾರಿ ಕಾರಣ ಇದೆ. ಹೆಮಿಸೆಲ್ಯುಲೋಸ್ ಕರಗಿದೆ, ಆದರೆ ಪೂರ್ತಿ ಒಡೆಯದೆ ಸಣ್ಣ ಸರಪಳಿಗಳಾಗಿ ಉಳಿದಿದೆ. ಒಂದಿಷ್ಟು ದ್ರವಕ್ಕೆ ಶೇಕಡಾ 4 ಆಗುವಷ್ಟು ಆಸಿಡ್ ಸೇರಿಸಿ 121 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ಅಳೆಯಿರಿ. ಕ್ಸೈಲೋಸ್ ಒಮ್ಮೆಲೇ ಏರಿದರೆ ಅದು ಜಾಸ್ತಿ ಬೆಂದದ್ದಲ್ಲ, ಕಡಿಮೆ ಬೆಂದದ್ದು. ಎರಡಕ್ಕೂ ಪರಿಹಾರ ಒಂದಕ್ಕೊಂದು ವಿರುದ್ಧ, ಆದ್ದರಿಂದ ಈ ಪರೀಕ್ಷೆ ಬಿಡಬೇಡಿ.

ಚರಟದ ಲಿಗ್ನಿನ್ ಅಳೆಯುವವರಿಗೆ ಒಂದು ಸುಳಿವು: ಹಾಕಿದ ಲಿಗ್ನಿನ್‌ಗಿಂತ ಉಳಿದ ಲಿಗ್ನಿನ್ ಹೆಚ್ಚಾಗಿ ಕಂಡರೆ ಅಳತೆ ತಪ್ಪಿದೆ ಅಂತಲೇ ಅಂದುಕೊಳ್ಳಬೇಡಿ. ಸಕ್ಕರೆ ಕೆಟ್ಟು ಹುಟ್ಟುವ ಪದಾರ್ಥ ಲಿಗ್ನಿನ್ ಹಾಗೆಯೇ ಆಸಿಡ್‌ನಲ್ಲಿ ಕರಗದೆ ಉಳಿಯುತ್ತದೆ. ಇದನ್ನು ಸ್ಯೂಡೋ ಲಿಗ್ನಿನ್ ಅನ್ನುತ್ತಾರೆ. ಜಾಸ್ತಿ ಬೆಂದಿದೆ ಅನ್ನುವುದಕ್ಕೆ ಇದು ಗಟ್ಟಿ ಸಾಕ್ಷಿ.

ಚರಟ ಸರಿಯಿದೆ, ಎಂಜೈಮ್‌ನಿಂದ ಸಕ್ಕರೆ ಬರುತ್ತಿಲ್ಲ

ಈಗ ಎಂಜೈಮ್ ಮೇಲೆ ಅನುಮಾನ ಪಡಬಹುದು, ಆದರೆ ಸಾಕ್ಷಿ ಇಟ್ಟುಕೊಂಡು. ಮೂರು ಫ್ಲಾಸ್ಕ್ ಇಡಿ. ಮೊದಲನೆಯದರಲ್ಲಿ ವಾಟ್‌ಮನ್ ನಂ. 1 ಫಿಲ್ಟರ್ ಪೇಪರ್, ಎರಡನೆಯದರಲ್ಲಿ ನಿಮ್ಮ ಚರಟ, ಮೂರನೆಯದರಲ್ಲಿ ಫಿಲ್ಟರ್ ಪೇಪರ್ ಜೊತೆ ಚರಟ ಹಿಂಡಿ ತೆಗೆದ ನೀರು. ಎಂಜೈಮ್, ಬಫರ್, ಶಾಖ ಮೂರಕ್ಕೂ ಒಂದೇ. ಮೊದಲನೆಯದರಲ್ಲೇ ಸಕ್ಕರೆ ಬರದಿದ್ದರೆ ಎಂಜೈಮ್, ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ) ಅಥವಾ ಫ್ಲಾಸ್ಕ್ ಇಟ್ಟ ವಾಟರ್ ಬಾತ್‌ನ ಶಾಖ ಕೈಕೊಟ್ಟಿದೆ. ಮೊದಲನೆಯದು ಸರಿ, ಮೂರನೆಯದು ತಪ್ಪಿದ್ದರೆ ಚರಟವನ್ನು ತೊಳೆದದ್ದು ಸಾಲದು. ಎರಡನೆಯದು ಮಾತ್ರ ತಪ್ಪಿದ್ದರೆ ದೋಷ ಚರಟದ ಒಳರಚನೆಯಲ್ಲಿದೆ.

ತೊಳೆದದ್ದು ಸಾಲದಿದ್ದಾಗ ಪಿಎಚ್ ಕೈಕೊಡುತ್ತದೆ. ಸೆಲ್ಯುಲೋಸ್ ಒಡೆಯುವ ಎಂಜೈಮ್ ಆದ ಸಾಮಾನ್ಯ ಸೆಲ್ಯುಲೇಸ್‌ಗೆ ಪಿಎಚ್ 4.8ರಿಂದ 5, ಶಾಖ 50 ಡಿಗ್ರಿ ಬೇಕು. ಬಫರ್ ಬಾಟಲಿಯ ಪಿಎಚ್ ನೋಡಿ ಸುಮ್ಮನಾಗಬೇಡಿ. ಚರಟ ಬೆರೆಸಿದ ಮೇಲೆ ಫ್ಲಾಸ್ಕ್‌ನಲ್ಲೇ ಅಳೆಯಿರಿ. ಎಳೆಗಳ ಒಳಗೆ ಅಡಗಿದ್ದ ಆಸಿಡ್ ಒಂದು ಗಂಟೆಯ ನಂತರವೂ ಹೊರಬರುತ್ತಿರುತ್ತದೆ. 50 ಮಿಲಿಮೋಲಾರ್ ಸಿಟ್ರೇಟ್ ಬಫರ್ ಅಷ್ಟನ್ನೆಲ್ಲ ತಡೆಯಲಾರದು.

ಒಳರಚನೆಯ ದೋಷ ಅಂದಾಗ ನಾನು ಕೇಳುವ ಮೊದಲ ಪ್ರಶ್ನೆ: ಚರಟವನ್ನು ಓವನ್‌ನಲ್ಲಿ ಒಣಗಿಸಿದಿರಾ? 105 ಡಿಗ್ರಿಯಲ್ಲಿ ಒಣಗಿಸಿದರೆ ಆಸಿಡ್ ಕಷ್ಟಪಟ್ಟು ತೆರೆದ ಸಣ್ಣ ರಂಧ್ರಗಳು ಕುಸಿದು ಅಂಟಿಕೊಳ್ಳುತ್ತವೆ. ಆಮೇಲೆ ನೀರು ಹಾಕಿದರೂ ಪೂರ್ತಿ ತೆರೆದುಕೊಳ್ಳುವುದಿಲ್ಲ. ಅಕ್ಕಿಯನ್ನು ಅನ್ನ ಮಾಡಿ, ಒಣಗಿಸಿ, ಮತ್ತೆ ಅಕ್ಕಿಯಂತೆ ಬೇಯಿಸಲು ಹೊರಟ ಹಾಗೆ. ಎಂಜೈಮ್ ಅಣು ದೊಡ್ಡದು, ಅದಕ್ಕೆ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ತೇವಾಂಶ ಅಳೆಯಲು ಎರಡು ಗ್ರಾಂ ಬೇರೆ ತೆಗೆದು ಒಣಗಿಸಿ. ಉಳಿದದ್ದನ್ನು ಹಸಿಯಾಗಿಯೇ ಚೀಲದಲ್ಲಿ ಕಟ್ಟಿ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಡಿ, ಹಸಿ ತೂಕದಿಂದಲೇ ಲೆಕ್ಕ ಹಾಕಿ. ಇದೊಂದನ್ನು ಸರಿಪಡಿಸಿಕೊಂಡರೆ ಎಷ್ಟೋ ಪ್ರಾಜೆಕ್ಟ್‌ಗಳು ಉಳಿಯುತ್ತವೆ.

ಎರಡನೆಯ ಪ್ರಶ್ನೆ ಲಿಗ್ನಿನ್‌ನದ್ದು. ಹೆಚ್ಚು ಶಾಖದಲ್ಲಿ ಲಿಗ್ನಿನ್ ಮೆತ್ತಗಾಗಿ, ತಣಿಯುವಾಗ ಸಣ್ಣ ಹನಿಗಳಾಗಿ ಎಳೆಗಳ ಮೇಲೆ ಕೂರುತ್ತದೆ. ಎಂಜೈಮ್ ಸೆಲ್ಯುಲೋಸ್ ಬಿಟ್ಟು ಅದಕ್ಕೆ ಅಂಟಿಕೊಳ್ಳುತ್ತದೆ. ಪರೀಕ್ಷಿಸಲು ಎಂಜೈಮ್ ಹಾಕುವ ಮುನ್ನ ಒಂದು ಫ್ಲಾಸ್ಕ್‌ಗೆ ಸ್ವಲ್ಪ ಟ್ವೀನ್ 80 (ಸೋಪಿನಂಥ ಪದಾರ್ಥ) ಅಥವಾ ಬಿಎಸ್‌ಎ (ಒಂದು ಪ್ರೋಟೀನ್) ಸೇರಿಸಿ, ಎಂಜೈಮ್‌ನ ಬದಲು ಅವು ಲಿಗ್ನಿನ್‌ಗೆ ಅಂಟಿಕೊಳ್ಳುತ್ತವೆ. ಸಕ್ಕರೆ ಗಣನೀಯವಾಗಿ ಏರಿದರೆ ಲಿಗ್ನಿನ್ನೇ ಕಾರಣ. ತೊಳೆಯಲು ಬಿಸಿನೀರು ಬಳಸಿ ನೋಡಿ.

ಸಕ್ಕರೆಯ ಏರಿಳಿತವೂ ಮಾತಾಡುತ್ತದೆ. 24 ಗಂಟೆವರೆಗೆ ಏರಿ ಆಮೇಲೆ ಇಳಿದರೆ ಯಾರೋ ತಿನ್ನುತ್ತಿದ್ದಾರೆ, ಅಂದರೆ ಬ್ಯಾಕ್ಟೀರಿಯಾ ಅಥವಾ ಬೂಷ್ಟು. ಫ್ಲಾಸ್ಕ್‌ಗೆ ಬ್ಯಾಕ್ಟೀರಿಯಾ ತಡೆಯಲು ಟೆಟ್ರಾಸೈಕ್ಲಿನ್, ಬೂಷ್ಟು ತಡೆಯಲು ಸೈಕ್ಲೊಹೆಕ್ಸಿಮೈಡ್ ಹಾಕುವುದು ಇದಕ್ಕೇ. ಆದರೆ ಆ ದ್ರವವನ್ನು ಮುಂದೆ ಯೀಸ್ಟ್‌ಗೆ ಕೊಡುವುದಿದ್ದರೆ ಸೈಕ್ಲೊಹೆಕ್ಸಿಮೈಡ್ ಬೇಡ, ಅದು ಯೀಸ್ಟನ್ನೂ ಕೊಲ್ಲುತ್ತದೆ. ಬೇಗ ಏರಿ ನಡುವೆ ನಿಂತುಬಿಟ್ಟರೆ ಸೆಲ್ಲೊಬಯೋಸ್ (ಎರಡು ಗ್ಲೂಕೋಸ್ ಜೋಡಿಯಾದ ಸಕ್ಕರೆ) ತುಂಬಿಕೊಂಡು ಎಂಜೈಮ್‌ನ ಕೈ ಕಟ್ಟಿರಬಹುದು. ಅದನ್ನು ಒಡೆಯುವ ಬೀಟಾ ಗ್ಲೂಕೊಸಿಡೇಸ್ ಎಂಜೈಮ್ ಸೇರಿಸಿ ನೋಡಿ.

ಅಳತೆಯ ವಿಷಯ. ಬಣ್ಣದ ಬದಲಾವಣೆಯಿಂದ ಸಕ್ಕರೆ ಅಳೆಯುವ ಡಿಎನ್‌ಎಸ್ ವಿಧಾನ ಗ್ಲೂಕೋಸನ್ನು ಮಾತ್ರ ಅಳೆಯುವುದಿಲ್ಲ, ಕ್ಸೈಲೋಸ್ ಸೇರಿ ಎಲ್ಲ ರಿಡ್ಯೂಸಿಂಗ್ ಸಕ್ಕರೆಯನ್ನೂ ಅಳೆಯುತ್ತದೆ. ಕಂದು ದ್ರವದ ಬಣ್ಣ, ಫೀನಾಲ್‌ಗಳು ಅದನ್ನು ಇನ್ನಷ್ಟು ಉಬ್ಬಿಸುತ್ತವೆ. ಎಂಜೈಮ್ ಹಾಕದ ಚರಟದ ಬ್ಲಾಂಕ್, ಚರಟ ಇಲ್ಲದ ಎಂಜೈಮ್‌ನ ಬ್ಲಾಂಕ್, ಎರಡೂ ಇಟ್ಟು ಕಳೆಯಿರಿ. ರಕ್ತದ ಸಕ್ಕರೆ ಅಳೆಯಲು ಡಯಾಗ್ನೋಸ್ಟಿಕ್ ಲ್ಯಾಬ್‌ನವರು ಬಳಸುವ ಜಿಒಡಿ ಪಿಒಡಿ ಕಿಟ್ ಗ್ಲೂಕೋಸ್ ಒಂದನ್ನೇ ಹಿಡಿಯುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಇಳುವರಿಯ ಲೆಕ್ಕದಲ್ಲಿ 1.11ರ ಗುಣಕ ಮರೆಯಬೇಡಿ: 100 ಗ್ರಾಂ ಸೆಲ್ಯುಲೋಸ್‌ನಿಂದ 111 ಗ್ರಾಂ ಗ್ಲೂಕೋಸ್ ಬರಬಹುದು.

ಭತ್ತದ ಹುಲ್ಲು, ಕ್ಷಾರ ಬಳಸುವವರಿಗೆ

ಭತ್ತದ ಹುಲ್ಲಿನಲ್ಲಿ ಬೂದಿಯ ಅಂಶ ಕಬ್ಬಿನ ಸಿಪ್ಪೆಗಿಂತ ತುಂಬಾ ಜಾಸ್ತಿ, ಅದರಲ್ಲೂ ಸಿಲಿಕಾ. ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಸಿಲಿಕಾ ಕರಗುತ್ತದೆ, ಆಮೇಲೆ ಪಿಎಚ್ ಇಳಿಸಿದಾಗ ಲೋಳೆಯಾಗಿ ಹೊರಬಂದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸೋಸುವುದು ನಿಂತುಹೋಯಿತು ಅಂದರೆ ಬಹುಪಾಲು ಇದೇ. ಮೊದಲು ಕ್ಷಾರದ ಸ್ಥಿತಿಯಲ್ಲೇ ಸೋಸಿ, ನೀರಿನಿಂದ ತೊಳೆಯಿರಿ, ಆಮೇಲೆ ಚರಟದ ಪಿಎಚ್ ಇಳಿಸಿ.

ದೊಡ್ಡ ಕಾರ್ಖಾನೆಗಳಿಗೂ ಇದೇ ಹಂತ ಕಷ್ಟದ್ದು. ಅಮೆರಿಕದ ಅಯೋವಾ ರಾಜ್ಯದ ಎಮೆಟ್ಸ್‌ಬರ್ಗ್‌ನಲ್ಲಿ ಮೆಕ್ಕೆಜೋಳದ ದಿಂಡು, ದಂಟಿನಿಂದ ಎಥನಾಲ್ ಮಾಡುವ ಘಟಕ 2014ರಲ್ಲಿ ತೆರೆಯಿತು. ಪ್ರೀಟ್ರೀಟ್‌ಮೆಂಟ್‌ನ ತೊಡಕು ದಾಟಿದ್ದೇವೆ ಅಂತ ಅವರು ಪ್ರಕಟಿಸಿದ್ದು 2017ರಲ್ಲಿ. ನಮ್ಮಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದ ಎಥನಾಲ್ ಮಾಡುವ, ದಿನಕ್ಕೆ 100 ಕಿಲೋಲೀಟರ್ ಸಾಮರ್ಥ್ಯದ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ನಿಮ್ಮ ಫ್ಲಾಸ್ಕ್ ಹಟ ಮಾಡಿದರೆ ಎದೆಗುಂದಬೇಕಿಲ್ಲ.

ಸಕ್ಕರೆ ಇದೆ, ಯೀಸ್ಟ್ ಏಳುತ್ತಿಲ್ಲ

ಅದೇ ಯೀಸ್ಟನ್ನು ಶುದ್ಧ ಗ್ಲೂಕೋಸ್ ದ್ರಾವಣದಲ್ಲಿ ಬೆಳೆಸಿ. ಅಲ್ಲೂ ಏಳದಿದ್ದರೆ ಯೀಸ್ಟ್ ಸತ್ತಿದೆ. ಅಲ್ಲಿ ಎದ್ದರೆ ನಿಮ್ಮ ದ್ರವವನ್ನು ನಾಲ್ಕು ಪಟ್ಟು ತೆಳು ಮಾಡಿ, ಪೋಷಕಾಂಶ ಹಾಕಿ ನೋಡಿ. ತೆಳುವಾದ ಮೇಲೆ ಹುದುಗಿದರೆ ತಡೆಯುತ್ತಿರುವುದು ಫರ್‌ಫ್ಯುರಲ್, ಫೀನಾಲ್ ಅಥವಾ ಅಸಿಟಿಕ್ ಆಸಿಡ್. ಫರ್‌ಫ್ಯುರಲ್ ಆದರೆ ಯೀಸ್ಟ್ ಮೊದಲು ಸುಮ್ಮನಿದ್ದು, ಅದನ್ನು ಆಲ್ಕೋಹಾಲ್ ರೂಪಕ್ಕೆ ತಿರುಗಿಸಿ, ತಡವಾಗಿ ಏಳುತ್ತದೆ. ಹಾಗಾಗಿ ಮೊದಲ ದಿನವೇ ಚೆಲ್ಲಬೇಡಿ.

ಅಸಿಟಿಕ್ ಆಸಿಡ್ ಆದರೆ ಪಿಎಚ್ ಬದಲಿಸಿದರೇ ಎಷ್ಟೋ ಸರಿಹೋಗುತ್ತದೆ. ಜೀವಕೋಶದೊಳಗೆ ನುಗ್ಗುವುದು ಅಯಾನಾಗದ ಅಸಿಟಿಕ್ ಆಸಿಡ್. ಪಿಎಚ್ 4.5ರಲ್ಲಿ ಅದು ಒಟ್ಟಿನ 65 ಶೇಕಡಾದಷ್ಟು ಇರುತ್ತದೆ, 5.5ರಲ್ಲಿ 15ಕ್ಕೆ ಇಳಿಯುತ್ತದೆ. ಒಂದು ಅಂಕಿ ಏರಿಸಿದ್ದಕ್ಕೆ ಇಷ್ಟು ಲಾಭ. ಫರ್‌ಫ್ಯುರಲ್, ಫೀನಾಲ್ ತೆಗೆಯಲು ಸುಣ್ಣ ಹಾಕಿ ಪಿಎಚ್ 10ಕ್ಕೆ ಏರಿಸಿ, 50ರಿಂದ 60 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಸುಣ್ಣ ಮತ್ತು ಆಸಿಡ್ ಸೇರಿ ಹುಟ್ಟಿದ ಜಿಪ್ಸಂ ಸೋಸಿ, ಪಿಎಚ್ ಮತ್ತೆ ಇಳಿಸುವ ಹಳೆಯ ವಿಧಾನ ಇದೆ. ಹೆಚ್ಚು ಹೊತ್ತು ಇಟ್ಟರೆ ಸಕ್ಕರೆಯೂ ಕೆಡುತ್ತದೆ, ಅದಕ್ಕೇ ಮೊದಲು ಮತ್ತು ಆಮೇಲೆ ಎರಡು ಸಲ ಸಕ್ಕರೆ ಅಳೆಯಿರಿ.

ದ್ರವದಲ್ಲಿರುವುದು ಬರೀ ಕ್ಸೈಲೋಸ್ ಆಗಿದ್ದರೆ ಇಷ್ಟೆಲ್ಲ ಪರೀಕ್ಷೆ ಬೇಡ. ಬೇಕರಿ ಯೀಸ್ಟ್‌ಗೆ ಕ್ಸೈಲೋಸ್ ಹುದುಗಿಸಲು ಬರುವುದಿಲ್ಲ. ಅದಕ್ಕೆ ಪಿಕಿಯಾ ಸ್ಟಿಪಿಟಿಸ್ ಎನ್ನುತ್ತಿದ್ದ, ಈಗ ಶೆಫರ್ಸೊಮೈಸಿಸ್ ಸ್ಟಿಪಿಟಿಸ್ ಎಂದು ಕರೆಯುವ ಯೀಸ್ಟ್ ತರಿಸಿ, ಸ್ವಲ್ಪ ಮಾತ್ರ ಗಾಳಿ ಆಡುವಂತೆ ಫ್ಲಾಸ್ಕ್ ಮುಚ್ಚಿಡಿ.